ಶಾಲಿನ ಬದಲು ಒಂದು ಅರ್ಜಿ

ಆಗಸ್ಟ್ ತಿಂಗಳು ಬಂತೆಂದರೆ ಹೊರನಾಡಿನ ಕನ್ನಡ ಸಂಘಗಳಿಗೆ ಪ್ರತಿಭಾ ಪುರಸ್ಕಾರದ ಸುಗ್ಗಿ. ಮುಂಬಯಿಯಲ್ಲಾಗಲಿ ಪುಣೆಯಲ್ಲಾಗಲಿ ಯಾವ ಭಾನುವಾರ ಯಾವ ಸಭಾಗೃಹದ ಬಾಗಿಲಲ್ಲಿ ನಿಂತರೂ ಒಳಗಿನಿಂದ ಒಂದೇ ಬಗೆಯ ಸದ್ದು ಕೇಳಿಬರುತ್ತದೆ: ಪ್ರಾರ್ಥನೆ, ಸ್ವಾಗತ, ಶೇಕಡಾ ತೊಂಬತ್ತಕ್ಕೆ ಮೇಲ್ಪಟ್ಟು ಅಂಕ ಗಳಿಸಿದ ಮಕ್ಕಳ ಹೆಸರುಗಳು, ಚಪ್ಪಾಳೆ, ಶಾಲು, ಸ್ಮರಣಿಕೆ, ಮುಖ್ಯ ಅತಿಥಿಗಳ ಹಿತವಚನ, ಕೊನೆಗೆ ಉಪ್ಪಿಟ್ಟು ಶಿರಾ. ಇಪ್ಪತ್ತು ವರ್ಷಗಳಿಂದ ನಾನೂ ಈ ಸಭೆಗಳಲ್ಲಿ ಕುಳಿತವನು. ಕೆಲವು ಸಲ ವೇದಿಕೆಯ ಮೇಲೂ ಕುಳಿತವನು. ಆದ್ದರಿಂದ ಮುಂದೆ ಬರೆಯಲಿರುವ ಮಾತುಗಳಲ್ಲಿ 'ನಾವು' ಎಂದಾಗಲೆಲ್ಲ ಅದರೊಳಗೆ ನಾನೂ ಸೇರಿದ್ದೇನೆಂದು ಓದುಗರು ದಯವಿಟ್ಟು ತಿಳಿಯಬೇಕು.

ಕಳೆದ ವರ್ಷದ ಸಮಾರಂಭ ಮುಗಿದು ಕುರ್ಚಿಗಳನ್ನು ಮಡಚುತ್ತಿದ್ದಾಗ ಒಬ್ಬಾತ ಮಗಳನ್ನು ಕರೆದುಕೊಂಡು ಬಂದು ಬಾಗಿಲ ಬಳಿ ನಿಂತಿದ್ದರು. ಯಾದಗಿರಿ ಕಡೆಯವರು, ಗೌಂಡಿ ಕೆಲಸ, ಮುಂಬಯಿಗೆ ಬಂದು ಇಪ್ಪತ್ತು ವರ್ಷಗಳ ಮೇಲಾಗಿದೆ. ಹುಡುಗಿ ಹನ್ನೆರಡನೆಯ ತರಗತಿಯಲ್ಲಿ ಶೇಕಡಾ ಅರವತ್ತಮೂರು ಅಂಕ ಪಡೆದು ಬಿ.ಎಸ್ಸಿ. ಐ.ಟಿ. ಸೇರಿದ್ದಳು. ಆ ಅಂಕಕ್ಕೆ ನಮ್ಮ ಪಟ್ಟಿಯಲ್ಲಿ ಜಾಗವಿರಲಿಲ್ಲ. ಅವರು ಶಾಲು ಕೇಳಲು ಬಂದವರೂ ಅಲ್ಲ. ಒಂದು ಪ್ಲಾಸ್ಟಿಕ್ ಚೀಲದಿಂದ ಕಾಗದಗಳ ಕಟ್ಟನ್ನು ಹೊರತೆಗೆದು ಆತ ಕೇಳಿದ್ದು ಇಷ್ಟೇ: "ಇದರ ಮ್ಯಾಲ ನಿಮ್ಮ ಸಂಘದ ಸಿಕ್ಕಾ ಹೊಡದ್ರ ನಡೀತದೇನ್ರೀ ಸರ?"

ನಡೆಯುತ್ತಿರಲಿಲ್ಲ. ಆ ಕಟ್ಟನ್ನು ಮನೆಗೆ ತಂದು ಎರಡು ರಾತ್ರಿ ಓದಿದ ಮೇಲೆ ನನಗೆ ತಿಳಿದದ್ದು, ಆ ಹುಡುಗಿಗೆ ಎರಡು ಸರ್ಕಾರಗಳು ಎರಡು ಬಾಗಿಲುಗಳನ್ನು ತೋರಿಸಿವೆ, ಎರಡೂ ಬಾಗಿಲುಗಳ ಮೇಲೆ 'ಪಕ್ಕದ ಬಾಗಿಲಿಗೆ ಹೋಗಿ' ಎಂದು ಬರೆದಿದೆ ಎಂಬುದು.

ಅವರು ಪರಿಶಿಷ್ಟ ಜಾತಿಗೆ ಸೇರಿದವರು. ಜಾತಿ ಪ್ರಮಾಣಪತ್ರ ಕರ್ನಾಟಕದ ತಹಶೀಲ್ದಾರರದು. ಕಾಲೇಜಿನ ಗುಮಾಸ್ತರು ಅದನ್ನು ನೋಡಿ ಇದು ಬೇರೆ ರಾಜ್ಯದ್ದು, ಇಲ್ಲಿ ಸಲ್ಲದು ಎಂದು ಪಕ್ಕಕ್ಕಿಟ್ಟು ಪೂರ್ತಿ ಶುಲ್ಕ ಕಟ್ಟಿಸಿಕೊಂಡರು. ಸರಿ, ಕರ್ನಾಟಕದಲ್ಲೇ ಅರ್ಜಿ ಹಾಕೋಣವೆಂದರೆ ಅಲ್ಲಿನ ಅರ್ಜಿ ಜಾತಿಯದಲ್ಲದೆ ಆದಾಯದ ಪ್ರಮಾಣಪತ್ರಕ್ಕೂ ನಾಡಕಚೇರಿಯಿಂದ ಬಂದ ಆರ್.ಡಿ. ಸಂಖ್ಯೆ ಕೇಳುತ್ತದೆ. ತಂದೆ ನಾಲ್ಕು ದಿನದ ಕೂಲಿ ಬಿಟ್ಟು ಊರಿಗೆ ಹೋದರು. ಊರಿನ ಪಡಿತರ ಚೀಟಿಯಿಂದ ಹೆಸರು ಎಂದೋ ಹೋಗಿದೆ. 'ನೀನು ಇಲ್ಲಿ ಇರುವವನಲ್ಲ, ದುಡಿಯುವ ಊರಿನಲ್ಲಿ ಆದಾಯದ ಕಾಗದ ಮಾಡಿಸಿಕೋ' ಎಂದರಂತೆ. ತಿರುಗಿ ಬಂದು ಮುಂಬಯಿಯಲ್ಲಿ ಮಾಡಿಸಿದರು. ಆ ಕಾಗದದ ಸಂಖ್ಯೆಗೆ ಕರ್ನಾಟಕದ ಅರ್ಜಿಯಲ್ಲಿ ಮನೆಯಿಲ್ಲ. ಅಷ್ಟರಲ್ಲಿ ಕೊನೆಯ ದಿನಾಂಕ ಕಳೆದಿತ್ತು. ಶುಲ್ಕಕ್ಕೆ ಮುಕಾದಮನಿಂದ ತಂದ ಸಾಲ ಮೂವತ್ತು ಸಾವಿರದ ಮೇಲಿತ್ತು. ಬಡ್ಡಿ ತಿಂಗಳಿಗೆ ನೂರಕ್ಕೆ ಐದು.

ಇದು ಒಬ್ಬ ಗೌಂಡಿಯ ದುರದೃಷ್ಟವೆಂದು ನಿಟ್ಟುಸಿರು ಬಿಟ್ಟು ಮುಂದಿನ ಪುಟಕ್ಕೆ ಹೋಗುವವರು ಹೋಗಬಹುದು. ಆದರೆ ಇದರಲ್ಲಿ ದುರದೃಷ್ಟವೆಂಬುದು ಎಲ್ಲಿಯೂ ಇಲ್ಲ. ಪ್ರತಿಯೊಂದು ಹೆಜ್ಜೆಯೂ ಒಂದೊಂದು ನಿಯಮದ ಪ್ರಕಾರವೇ ನಡೆದಿದೆ.

ಮೊದಲು ಈ ವಿದ್ಯಾರ್ಥಿವೇತನ ಯಾರ ಸ್ವತ್ತು ಎಂಬುದನ್ನು ಸ್ಪಷ್ಟಪಡಿಸಿಕೊಳ್ಳೋಣ. ವೈಸ್‌ರಾಯ್ ಅವರ ಕಾರ್ಯಕಾರಿ ಮಂಡಲಿಯನ್ನು ಸೇರಿದ ವರ್ಷವೇ, ಅಂದರೆ 1942ರಲ್ಲಿ, ಡಾ. ಅಂಬೇಡ್ಕರ್ ಅವರು ಪರಿಶಿಷ್ಟ ಜಾತಿಗಳ ಕುಂದುಕೊರತೆಗಳ ಬಗ್ಗೆ ಸರ್ಕಾರಕ್ಕೆ ಒಂದು ವಿಸ್ತಾರವಾದ ಮನವಿಪತ್ರ ಸಲ್ಲಿಸಿದರು. ಉನ್ನತ ಶಿಕ್ಷಣಕ್ಕೆ ಸರ್ಕಾರವೇ ಹಣ ಕೊಡಬೇಕೆಂಬುದು ಅದರ ಮುಖ್ಯ ಬೇಡಿಕೆಗಳಲ್ಲೊಂದು. 1944ರಲ್ಲಿ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ ಆರಂಭವಾಯಿತು. ಸ್ವಾತಂತ್ರ್ಯಕ್ಕಿಂತ ಮೂರು ವರ್ಷ ಹಿರಿಯದು, ಸಂವಿಧಾನಕ್ಕಿಂತ ಆರು ವರ್ಷ ಹಿರಿಯದು ಈ ಯೋಜನೆ. ಕರುಣೆಯಿಂದ ಹುಟ್ಟಿದ್ದಲ್ಲ, ಹಕ್ಕೊತ್ತಾಯದಿಂದ ಹುಟ್ಟಿದ್ದು.

ಬೇಡಿಕೆ ಇಟ್ಟವರು ತಾವೇ ವಿದ್ಯಾರ್ಥಿವೇತನದ ಬಿಸಿತಂಪುಗಳನ್ನು ಅನುಭವಿಸಿದವರು. 1913ರಲ್ಲಿ ಬರೋಡೆಯ ಸಯಾಜಿರಾವ್ ಗಾಯಕವಾಡರು ತಿಂಗಳಿಗೆ ಹನ್ನೊಂದೂವರೆ ಪೌಂಡುಗಳಂತೆ ಮೂರು ವರ್ಷಗಳ ವೇತನ ಕೊಟ್ಟು ಅವರನ್ನು ನ್ಯೂಯಾರ್ಕಿನ ಕೊಲಂಬಿಯಾಕ್ಕೆ ಕಳುಹಿಸಿದರು. ಓದು ಮುಗಿದ ಮೇಲೆ ಹತ್ತು ವರ್ಷ ಸಂಸ್ಥಾನದ ಸೇವೆ ಮಾಡಬೇಕೆಂಬ ಕರಾರಿತ್ತು. 1917ರಲ್ಲಿ ಕರಾರಿನಂತೆ ಬರೋಡೆಗೆ ಹೋದ ಆ ವಿದ್ವಾಂಸನಿಗೆ ತಂಗಲು ಒಂದು ಕೋಣೆ ಸಿಗಲಿಲ್ಲ; ಪಾರ್ಸಿ ವಸತಿಗೃಹದಿಂದ ಹೊರದೂಡಿದರು. ಸೇವೆಯ ಕರಾರನ್ನು ಕಾಗದದ ಮೇಲೆ ಬರೆಸಿಕೊಳ್ಳಬಲ್ಲ ಸರ್ಕಾರಕ್ಕೆ ತಲೆಯ ಮೇಲೊಂದು ಸೂರನ್ನು ಕೊಡಿಸುವುದು ಸಾಧ್ಯವಾಗಲಿಲ್ಲ. ಇಂದಿನ ಅರ್ಜಿಗಳನ್ನು ನೋಡುವಾಗ ನನಗೆ ಈ ಪ್ರಸಂಗ ಮತ್ತೆ ಮತ್ತೆ ನೆನಪಾಗುತ್ತದೆ. ನಮ್ಮ ಪ್ರಭುತ್ವ ಬರೆಸಿಕೊಳ್ಳುವುದರಲ್ಲಿ ನಿಸ್ಸೀಮ.

ಈಗ ನಿಯಮಗಳಿಗೆ ಬರೋಣ. ಈ ವಿದ್ಯಾರ್ಥಿವೇತನ ಕೇಂದ್ರ ಸರ್ಕಾರದ ಯೋಜನೆ, ಹಂಚುವವರು ರಾಜ್ಯಗಳು. ಅರ್ಜಿದಾರ ಯಾವ ರಾಜ್ಯಕ್ಕೆ ಸೇರಿದವನೋ, ಅಂದರೆ ಎಲ್ಲಿ ಕಾಯಂ ನೆಲೆಸಿದವನೋ, ಆ ರಾಜ್ಯವೇ ಹಣ ಕೊಡಬೇಕೆಂದು ಯೋಜನೆ ಹೇಳುತ್ತದೆ. ಕೇಳಲು ಎಷ್ಟು ಸರಳ! ಆದರೆ ಇಪ್ಪತ್ತು ವರ್ಷ ಮುಂಬಯಿಯಲ್ಲಿ ಇಟ್ಟಿಗೆ ಹೊತ್ತವನು ಎಲ್ಲಿ ಕಾಯಂ? ಮಹಾರಾಷ್ಟ್ರದಲ್ಲಿ ವಾಸದ ಪ್ರಮಾಣಪತ್ರ ಪಡೆಯಲು ಹದಿನೈದು ವರ್ಷಗಳ ವಾಸಕ್ಕೆ ಪುರಾವೆ ಬೇಕು. ವಾಸವೇನೋ ಇದೆ, ಪುರಾವೆ ಇಲ್ಲ. ಕಟ್ಟಡ ಏಳುವವರೆಗೆ ಅದರ ನೆಲಮಾಳಿಗೆಯಲ್ಲಿ, ಎದ್ದ ಮೇಲೆ ಮುಂದಿನ ಕಟ್ಟಡದ ಪಾಯದ ಬಳಿ ತಗಡಿನ ಶೆಡ್ಡಿನಲ್ಲಿ ಬದುಕಿದವನಿಗೆ ಕರೆಂಟಿನ ಬಿಲ್ಲು ಯಾರ ಹೆಸರಿನಲ್ಲಿ ಬರಬೇಕು?

ವಾಸ ಸಿದ್ಧವಾಯಿತೆನ್ನೋಣ. ಆಗ ಜಾತಿಯ ಪ್ರಶ್ನೆ ಏಳುತ್ತದೆ. ಮಹಾರಾಷ್ಟ್ರದಲ್ಲಿ ಜಾತಿ ಪ್ರಮಾಣಪತ್ರ ಪಡೆಯುವವರ ಪೂರ್ವಿಕರು ಒಂದು ಗೊತ್ತಾದ ದಿನಾಂಕಕ್ಕೆ ಮೊದಲೇ ಆ ರಾಜ್ಯದ ವಾಸಿಗಳಾಗಿರಬೇಕು. ಪರಿಶಿಷ್ಟ ಜಾತಿಗೆ 10 ಆಗಸ್ಟ್ 1950. ವಿಮುಕ್ತ ಜಾತಿ ಮತ್ತು ಅಲೆಮಾರಿ ಬುಡಕಟ್ಟುಗಳಿಗೆ 21 ನವೆಂಬರ್ 1961. ಇತರ ಹಿಂದುಳಿದ ವರ್ಗಗಳಿಗೆ 13 ಅಕ್ಟೋಬರ್ 1967. ಈ ಮೂರು ದಿನಾಂಕಗಳು ಹೊರನಾಡ ಕನ್ನಡಿಗರ ಎಷ್ಟು ಮನೆಗಳ ಭವಿಷ್ಯವನ್ನು ಎರಡಾಗಿ ಸೀಳಿವೆಯೆಂಬುದನ್ನು ನಮ್ಮ ಸಂಘಗಳ ಇತಿಹಾಸಕಾರರು ಬರೆದಿಲ್ಲ. ಅಣ್ಣ 1966ರಲ್ಲಿ ಬಂದ, ತಮ್ಮ 1969ರಲ್ಲಿ ಬಂದ. ಇಬ್ಬರೂ ಒಂದೇ ಹೋಟೆಲಿನ ಒಂದೇ ಮಾಳಿಗೆಯಲ್ಲಿ ಮಲಗಿದರು. ಅಣ್ಣನ ಮೊಮ್ಮಗ ಇಲ್ಲಿ ಹಿಂದುಳಿದವನು. ತಮ್ಮನ ಮೊಮ್ಮಗ ಎಲ್ಲಿಯೂ ಅಲ್ಲ.

ಈ ಪ್ರಶ್ನೆ ಸರ್ವೋಚ್ಚ ನ್ಯಾಯಾಲಯದವರೆಗೂ ಹೋಗಿದೆ, ಅದೂ ಮುಂಬಯಿಯಿಂದಲೇ. ಆಂಧ್ರಪ್ರದೇಶದಲ್ಲಿ ಪರಿಶಿಷ್ಟ ಪಂಗಡಕ್ಕೆ ಸೇರಿದ, ತಂದೆಯ ನೌಕರಿಯ ಕಾರಣ ಬಾಲ್ಯದಲ್ಲೇ ಮುಂಬಯಿಗೆ ಬಂದು ಇಲ್ಲೇ ಓದಿದ ವಿದ್ಯಾರ್ಥಿಯೊಬ್ಬ ವೈದ್ಯಕೀಯ ಸೀಟಿಗಾಗಿ ಹೂಡಿದ ಮೊಕದ್ದಮೆ ಅದು. ಮರ್ರಿ ಚಂದ್ರಶೇಖರ ರಾವ್ ಪ್ರಕರಣವೆಂದು ಪ್ರಸಿದ್ಧ. 1990ರಲ್ಲಿ ನ್ಯಾಯಪೀಠ ಕೊಟ್ಟ ತೀರ್ಪಿನ ಸಾರ: ಒಂದು ಜಾತಿ ಅಥವಾ ಪಂಗಡದ ಸಾಮಾಜಿಕ ಹೀನಸ್ಥಿತಿ ಆಯಾ ರಾಜ್ಯಕ್ಕೆ ಸಂಬಂಧಪಟ್ಟದ್ದು, ವಲಸೆ ಹೋದವನು ಆ ಸೌಲಭ್ಯವನ್ನು ಹೆಗಲ ಮೇಲೆ ಹೊತ್ತು ಇನ್ನೊಂದು ರಾಜ್ಯಕ್ಕೆ ಒಯ್ಯಲಾರ. ಮುಂದೆ ಬಂದ ತೀರ್ಪುಗಳೂ ಇದೇ ಜಾಡಿನಲ್ಲಿ ನಡೆದಿವೆ.

ಈ ತರ್ಕವನ್ನು ಲಘುವಾಗಿ ತಳ್ಳಿಹಾಕುವವನಲ್ಲ ನಾನು. ಸೀಟುಗಳೂ ನೌಕರಿಗಳೂ ಎಣಿಸಿದಷ್ಟೇ ಇರುತ್ತವೆ. ಹೊರಗಿನವನಿಗೆ ಕೊಟ್ಟ ಒಂದು ಸೀಟು ಮರಾಠವಾಡದ ಯಾವುದೋ ದಲಿತ ಬಾಲಕನ ಕೈಯಿಂದ ಜಾರಿದ ಸೀಟು. ಆ ಜಗಳಕ್ಕೆ ನಾವು ಇಳಿಯಬಾರದು. ಆದರೆ ವಿದ್ಯಾರ್ಥಿವೇತನ ಸೀಟಲ್ಲ. ಅರ್ಹರೆಲ್ಲರಿಗೂ ಸಲ್ಲತಕ್ಕ ಯೋಜನೆ ಅದು; ಒಬ್ಬನಿಗೆ ಕೊಟ್ಟರೆ ಇನ್ನೊಬ್ಬನಿಗೆ ತಪ್ಪಬೇಕಾಗಿಲ್ಲ. ಯಾದಗಿರಿಯಲ್ಲಿ ಹೊಲೆಗೇರಿಯ ಆಚೆ ನಿಲ್ಲಿಸಿದ ಸಮಾಜ ಮುಂಬಯಿಯ ರೈಲು ಇಳಿದೊಡನೆ ಅವನನ್ನು ಮೇಲ್ಜಾತಿಯವನನ್ನಾಗಿ ಮಾಡಿತೆಂದು ನಂಬಲು ಯಾರೂ ಸಿದ್ಧರಿಲ್ಲವಾದರೆ, ಉಳಿಯುವ ಪ್ರಶ್ನೆ ಒಂದೇ. ಹಣ ಯಾವ ಖಾತೆಯಿಂದ ಹೋಗಬೇಕು? ಇದು ಎರಡು ರಾಜ್ಯಗಳ ಲೆಕ್ಕಿಗರು ಕುಳಿತು ಬಗೆಹರಿಸಿಕೊಳ್ಳಬೇಕಾದ ವಿಷಯ. ಅದನ್ನು ಹದಿನೆಂಟು ವರ್ಷದ ಹುಡುಗಿಯ ತಲೆಯ ಮೇಲೆ ಹೇರಲಾಗಿದೆ.

ಸರ್ಕಾರಗಳೇ ಪರಸ್ಪರ ಜಗಳಾಡಿದ್ದೂ ಉಂಟು. ಬಹುಕಾಲ ಈ ಯೋಜನೆಯ ಹೊರೆಯನ್ನು ಕೇಂದ್ರ ಮೆಲ್ಲಮೆಲ್ಲನೆ ರಾಜ್ಯಗಳ ಮೇಲೆ ಜಾರಿಸುತ್ತ ಬಂದಿತು. 2017ರ ಆಚೆಗಿನ ಕೆಲವು ವರ್ಷಗಳಲ್ಲಿ ಕೇಂದ್ರದ ಪಾಲು ಹತ್ತರಲ್ಲಿ ಒಂದು ಭಾಗದಷ್ಟಕ್ಕೆ ಇಳಿದಿತ್ತು. ಕೂಗೆದ್ದ ಮೇಲೆ 2020ರ ಡಿಸೆಂಬರಿನಲ್ಲಿ ಸಚಿವ ಸಂಪುಟ ಐದು ವರ್ಷಗಳಿಗೆ 59,048 ಕೋಟಿ ರೂಪಾಯಿಗಳ ಯೋಜನೆಯನ್ನು ಒಪ್ಪಿ, ಕೇಂದ್ರಕ್ಕೆ ಅರವತ್ತು, ರಾಜ್ಯಕ್ಕೆ ನಲವತ್ತು ಎಂದು ಪಾಲು ಗೊತ್ತುಮಾಡಿತು. ಹಣ ವಿದ್ಯಾರ್ಥಿಯ ಖಾತೆಗೇ ನೇರವಾಗಿ ಬರಬೇಕೆಂದೂ ಆಯಿತು. ಒಳ್ಳೆಯ ಮಾತೇ. ಆದರೆ ರಾಜ್ಯ ತನ್ನ ನಲವತ್ತನ್ನು ಹಾಕಿದ ಮೇಲಷ್ಟೇ ಕೇಂದ್ರದ ಅರವತ್ತು ಹೊರಡುತ್ತದೆ. ಕಾಲೇಜು ಮಾತ್ರ ಜೂನ್ ತಿಂಗಳಲ್ಲೇ ನೂರಕ್ಕೆ ನೂರು ಕೇಳುತ್ತದೆ. ಮುಂಗಡ ಶುಲ್ಕ ಕಟ್ಟದೆ ಪ್ರವೇಶ ಕೊಡಿಸುವ 'ಫ್ರೀಶಿಪ್ ಕಾರ್ಡ್' ಎಂಬ ಏರ್ಪಾಡು ಆ ಯೋಜನೆಯ ಮಾರ್ಗಸೂಚಿಯಲ್ಲೇ ಇದೆ. ಅದರ ಹೆಸರನ್ನು ಕೇಳಿದ ಒಬ್ಬ ಪಾಲಕನೂ ನನಗೆ ಇದುವರೆಗೆ ಸಿಕ್ಕಿಲ್ಲ. ಇನ್ನು ಆದಾಯದ ಮಿತಿ ವರ್ಷಕ್ಕೆ ಎರಡೂವರೆ ಲಕ್ಷ. 2020ರ ಪರಿಷ್ಕರಣೆಯೂ ಅದನ್ನು ಮುಟ್ಟಲಿಲ್ಲ. ಮುಂಬಯಿಯಲ್ಲಿ ಗಂಡ ಹೆಂಡತಿ ಇಬ್ಬರೂ ಕೂಲಿಗೆ ಹೋದರೆ ಆ ಗೆರೆ ದಾಟಿಬಿಡುತ್ತದೆ. ಮುಂಬಯಿಯ ಬಾಡಿಗೆ ಎಷ್ಟೆಂಬುದು ಆ ಗೆರೆಗೆ ತಿಳಿಯದು.

ಹೆಸರಿನ ವಿಷಯವನ್ನೂ ಇಲ್ಲಿಯೇ ಹೇಳಿಬಿಡಬೇಕು. ಹೊರಗಿನವರಿಗೆ ಇದು ಹಾಸ್ಯವಾಗಿ ಕಂಡೀತು. ಕಲ್ಯಾಣ ಕರ್ನಾಟಕದ ಬಡವರಲ್ಲಿ ಅಡ್ಡಹೆಸರು ಬರೆಸದವರು ಬಹಳ. ಶಾಲೆಯ ದಾಖಲೆಯಲ್ಲಿ 'ಹಣಮಂತ', ಆಧಾರದಲ್ಲಿ 'ಹನುಮಂತ', ಮುಂಬಯಿಯ ಮರಾಠಿ ಗುಮಾಸ್ತನ ಕೈಯಲ್ಲಿ 'ಹನ್ಮಂತ', ಬ್ಯಾಂಕಿನ ಪಾಸುಪುಸ್ತಕದಲ್ಲಿ ತಂದೆಯ ಹೆಸರೇ ಅಡ್ಡಹೆಸರಾಗಿ ತಿರುಗಿ ಕುಳಿತಿರುತ್ತದೆ. ಕನ್ನಡದ ಒಂದು ಹೆಸರು ದೇವನಾಗರಿಗೂ ರೋಮನ್ ಲಿಪಿಗೂ ಹೋಗಿ ಬರುವಷ್ಟರಲ್ಲಿ ನಾಲ್ಕು ಜನರಾಗುತ್ತದೆ. ಯಂತ್ರಕ್ಕೆ ನಾಲ್ಕು ಹೆಸರಿನವನು ಒಬ್ಬನೇ ಎಂದು ತಿಳಿಯುವ ಬಗೆಯಿಲ್ಲ. ಮಂಜೂರಾದ ಹಣ ಬಂದ ದಾರಿಯಲ್ಲೇ ಹಿಂದಿರುಗುತ್ತದೆ. ಲಿಪಿ, ಭಾಷೆ, ಅಸ್ಮಿತೆ ಎಂದು ವಿಚಾರಸಂಕಿರಣ ನಡೆಸುವ ನಮಗೆ ಇದಕ್ಕಿಂತ ಹತ್ತಿರದ ಭಾಷಾ ಸಮಸ್ಯೆ ಇನ್ನಾವುದಿದೆಯೋ ನಾನರಿಯೆ.

'ವಿದ್ಯಾರ್ಥಿವೇತನ ಸಿಗದಿದ್ದರೆ ಸಾಲವಿದೆಯಲ್ಲ' ಎನ್ನುವವರಿದ್ದಾರೆ. ಈ ವಿಷಯದಲ್ಲಿ ಮಾತನಾಡಲು ನನಗೆ ತುಸು ಅಧಿಕಾರವಿದೆ, ತುಸು ನಾಚಿಕೆಯೂ ಇದೆ: ಮೂವತ್ತೆರಡು ವರ್ಷ ಬ್ಯಾಂಕಿನಲ್ಲಿ ದುಡಿದು ನಿವೃತ್ತನಾದವನು ನಾನು. ಬ್ಯಾಂಕಿನ ಕಸುಬು ನಮ್ಮ ಕರಾವಳಿಯ ಹೆಮ್ಮೆ. 1906ರಲ್ಲಿ ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳು ಕಟ್ಟಿದ ಕೆನರಾ ಬ್ಯಾಂಕು. 1925ರಲ್ಲಿ ಉಡುಪಿಯಲ್ಲಿ ಹುಟ್ಟಿ, ದಿನಕ್ಕೆ ಎರಡಾಣೆಯ ಪಿಗ್ಮಿ ಠೇವಣಿಯಿಂದ ಬೀಡಿ ಕಟ್ಟುವವರ ಮನೆಬಾಗಿಲಿಗೆ ಹೋದ ಸಿಂಡಿಕೇಟ್ ಬ್ಯಾಂಕು. ಆ ಎರಡನೆಯದು 2020ರ ಏಪ್ರಿಲಿನಲ್ಲಿ ಮೊದಲನೆಯದರೊಳಗೆ ಲೀನವಾಯಿತು. ಬಡವನ ಎರಡಾಣೆಯನ್ನು ನಂಬಿ ಬೆಳೆದ ಈ ಪರಂಪರೆ ಬಡವನ ಮಗಳ ಓದನ್ನು ನಂಬಿತೇ?

ನಿಯಮ ಹೀಗಿದೆ. 2001ರಲ್ಲಿ ಜಾರಿಗೆ ಬಂದ ಮಾದರಿ ಶಿಕ್ಷಣ ಸಾಲ ಯೋಜನೆಯಂತೆ ನಾಲ್ಕು ಲಕ್ಷದವರೆಗಿನ ಸಾಲಕ್ಕೆ ಅಡಮಾನ ಕೇಳುವಂತಿಲ್ಲ. ತಂದೆ ಅಥವಾ ತಾಯಿ ಸಹಿ ಹಾಕಿದರೆ ಸಾಕು. 2009ರಲ್ಲಿ, ಕುಟುಂಬದ ವರಮಾನ ನಾಲ್ಕೂವರೆ ಲಕ್ಷ ಮೀರದವರಿಗೆ ಓದಿನ ಅವಧಿ ಮತ್ತು ಆನಂತರದ ಒಂದು ವರ್ಷದ ಬಡ್ಡಿಯನ್ನು ಸರ್ಕಾರವೇ ಕಟ್ಟುವ ಯೋಜನೆ ಬಂತು. ಅದು ವೃತ್ತಿಪರ ಹಾಗೂ ತಾಂತ್ರಿಕ ಕೋರ್ಸುಗಳಿಗೆ ಮಾತ್ರ. ಇವೆರಡೂ ನನಗೆ ತಿಳಿದಿದ್ದವು. ತಿಳಿದೂ ನಾನು, ನನ್ನ ಕೌಂಟರಿನ ಎದುರು ನಿಂತ ಎಷ್ಟು ಜನರಿಗೆ 'ಊರಲ್ಲಿ ಜಮೀನಿದೆಯೇ? ನೌಕರಿಯಲ್ಲಿರುವ ಯಾರಾದರೂ ಜಾಮೀನು ನಿಲ್ಲುತ್ತಾರೆಯೇ?' ಎಂದು ಕೇಳಿ ಕಳುಹಿಸಿದ್ದೇನೋ ಲೆಕ್ಕವಿಟ್ಟಿಲ್ಲ. ಹಾಗೆ ಕೇಳಬೇಕೆಂದು ಯಾವ ಸುತ್ತೋಲೆಯೂ ಹೇಳಿರಲಿಲ್ಲ. ವಸೂಲಾಗದ ಸಾಲ ಬಡ್ತಿಯ ವರ್ಷದಲ್ಲಿ ಕಡತಕ್ಕೆ ಅಂಟದಿರಲೆಂಬ ಎಚ್ಚರ, ಅಷ್ಟೇ. ಕೇಳಿಸಿಕೊಂಡವರು ಎದುರು ಮಾತಾಡದೆ ಹೋದರು. ನಿಯಮ ಅವರಿಗೆ ಗೊತ್ತಿರಲಿಲ್ಲ, ಗೊತ್ತಿದ್ದವನು ನಾನೊಬ್ಬನೇ.

ಇಲ್ಲಿ ಇನ್ನೊಂದು ಇಳಿಜಾರನ್ನೂ ಗಮನಿಸಬೇಕು. 1963ರಲ್ಲಿ ಭಾರತ ಸರ್ಕಾರ ರಾಷ್ಟ್ರೀಯ ಸಾಲ ವಿದ್ಯಾರ್ಥಿವೇತನ ಯೋಜನೆ ತಂದಾಗ ಬಡ ವಿದ್ಯಾರ್ಥಿಗೆ ಸಾಲ ಕೊಟ್ಟದ್ದು ಸರ್ಕಾರವೇ, ಅದೂ ಬಡ್ಡಿಯಿಲ್ಲದೆ. 2001ರ ಹೊತ್ತಿಗೆ ಸಾಲ ಬ್ಯಾಂಕಿನದಾಯಿತು, ಬಡ್ಡಿ ವಿದ್ಯಾರ್ಥಿಯದಾಯಿತು. 2024ರ ನವೆಂಬರಿನಲ್ಲಿ ಸಂಪುಟ ಒಪ್ಪಿದ ಪಿ.ಎಂ. ವಿದ್ಯಾಲಕ್ಷ್ಮಿ ಯೋಜನೆಯಲ್ಲಿ ಎಂಟು ಲಕ್ಷದವರೆಗಿನ ವರಮಾನದವರಿಗೆ ಬಡ್ಡಿಯಲ್ಲಿ ಶೇಕಡಾ ಮೂರರ ರಿಯಾಯಿತಿಯೂ, ಏಳೂವರೆ ಲಕ್ಷದವರೆಗಿನ ಸಾಲಕ್ಕೆ ಸರ್ಕಾರದ ಮುಕ್ಕಾಲು ಪಾಲು ಖಾತರಿಯೂ ಇವೆ. ಆದರೆ ಬಾಗಿಲು ತೆರೆದಿರುವುದು ಶ್ರೇಯಾಂಕದ ಮೇಲೆ ಆರಿಸಿದ ಸುಮಾರು 860 ಸಂಸ್ಥೆಗಳಿಗೆ. ಆ ಶ್ರೇಯಾಂಕ ಮುಟ್ಟಲು ಶೇಕಡಾ ತೊಂಬತ್ತು ಬೇಕು. ನಮ್ಮ ಶಾಲಿನ ಪಟ್ಟಿಗೂ ಸರ್ಕಾರದ ಈ ಪಟ್ಟಿಗೂ ಇರುವ ಸಾಮ್ಯ ಆಕಸ್ಮಿಕವಲ್ಲ. ಅರವತ್ತಮೂರು ಅಂಕದ ಮಗು ಎರಡಕ್ಕೂ ಕಾಣಿಸದು.

ಈಗ ನಮ್ಮ ಹಿರಿಯರು ಹೇಳುವ ಮಾತು: 'ನಮಗೆ ಯಾವ ಸರ್ಕಾರ ಕೊಟ್ಟಿತ್ತು? ಹಗಲು ಹೋಟೆಲಿನಲ್ಲಿ ಲೋಟ ತೊಳೆದೆವು, ರಾತ್ರಿ ಶಾಲೆಗೆ ಹೋದೆವು, ಮೇಲೆ ಬಂದೆವು.' ಈ ಮಾತಿನ ಮೊದಲ ಅರ್ಧಕ್ಕೆ ತಲೆಬಾಗುತ್ತೇನೆ. ಮುಂಬಯಿಯ ಕನ್ನಡ ರಾತ್ರಿ ಶಾಲೆಗಳು ಹೊರನಾಡ ಕನ್ನಡದ ನಿಜವಾದ ವಿಶ್ವವಿದ್ಯಾಲಯಗಳು; ಸ್ವಂತ ಜೇಬಿನಿಂದ ಸೀಮೆಎಣ್ಣೆ ಖರ್ಚು ಹಾಕಿ ಪಾಠ ಹೇಳಿದವರು ನಮ್ಮ ಪಾಲಿಗೆ ಪೂಜ್ಯರು. ಆದರೆ ಎರಡನೆಯ ಅರ್ಧ ಅಪೂರ್ಣ ಸತ್ಯ. ಅನುದಾನಿತ ಶಾಲೆಯ ಶಿಕ್ಷಕರ ಸಂಬಳ ಎಲ್ಲಿಂದ ಬರುತ್ತಿತ್ತು? ಅಂದಿನ ಕಾಲೇಜಿನ ಶುಲ್ಕ ಒಂದು ತಿಂಗಳ ಸಂಬಳದೊಳಗೆ ಏಕೆ ಮುಗಿಯುತ್ತಿತ್ತು? ಸರ್ಕಾರದ ಹಣ ಅಂದು ಶಾಲೆಯ ಗೋಡೆಯೊಳಗೆ ಅಡಗಿತ್ತು. ಯಾರೂ ಅರ್ಜಿ ಹಾಕಬೇಕಾಗಿರಲಿಲ್ಲ, ಆದ್ದರಿಂದ ಯಾರಿಗೂ ಉಪಕಾರವೆಂದು ಅನಿಸಲಿಲ್ಲ. ಇಂದು ಸ್ವಯಂ ಆರ್ಥಿಕ ಕೋರ್ಸುಗಳ ಕಾಲದಲ್ಲಿ ಅದೇ ಹಣಕ್ಕೆ ಪ್ರತಿಯೊಬ್ಬ ವಿದ್ಯಾರ್ಥಿಯೂ ತನ್ನ ಬಡತನವನ್ನು ಪ್ರತಿವರ್ಷ ಹೊಸದಾಗಿ ರುಜುವಾತುಪಡಿಸಬೇಕಾಗಿದೆ.

ದುಡಿದು ಕಲಿಯುವುದೇ ದೊಡ್ಡದೆನ್ನುವವರು ಸಾತಾರೆಯ ಕಡೆಗೊಮ್ಮೆ ನೋಡಬೇಕು. ಕರ್ಮವೀರ ಭಾವುರಾವ್ ಪಾಟೀಲರು 1919ರಲ್ಲಿ ರಯತ ಶಿಕ್ಷಣ ಸಂಸ್ಥೆ ಕಟ್ಟಿದರು. 1924ರಲ್ಲಿ ಸಾತಾರೆಯಲ್ಲಿ ತೆರೆದ ಅವರ ವಿದ್ಯಾರ್ಥಿನಿಲಯದಲ್ಲಿ ಎಲ್ಲ ಜಾತಿಯ ಮಕ್ಕಳೂ ಒಟ್ಟಿಗೆ ಅಡಿಗೆ ಮಾಡಿದರು, ಒಟ್ಟಿಗೆ ಉಂಡರು, ಹೊಲದಲ್ಲಿ ದುಡಿದರು. 1947ರಲ್ಲಿ ಅಲ್ಲೇ ಹುಟ್ಟಿದ ಶಿವಾಜಿ ಕಾಲೇಜು ದುಡಿದು ಕಲಿಯುವ ಪದ್ಧತಿಯ ಮೇಲೆಯೇ ನಿಂತಿತು. ಪುಣೆ ವಿಶ್ವವಿದ್ಯಾಲಯದಲ್ಲಿ ಇಂದಿಗೂ ಅವರ ಹೆಸರಿನಲ್ಲಿ 'ಕಮವಾ ವ ಶಿಕಾ' ಯೋಜನೆ ನಡೆಯುತ್ತಿದೆ. ಗ್ರಂಥಾಲಯದಲ್ಲಿ, ಕಚೇರಿಯಲ್ಲಿ, ತೋಟದಲ್ಲಿ ದಿನಕ್ಕೆ ಕೆಲವು ಗಂಟೆ ದುಡಿದರೆ ವಿಶ್ವವಿದ್ಯಾಲಯವೇ ಕೂಲಿ ಕೊಡುತ್ತದೆ. ಇಲ್ಲಿಯ ತಿರುಳನ್ನು ತಪ್ಪಾಗಿ ತಿಳಿಯಬಾರದು: ಕೆಲಸವನ್ನು ಓದಿನ ಅಂಗಳಕ್ಕೆ ತಂದವರು ಭಾವುರಾವ್, ಓದುವ ಮಗುವನ್ನು ಹೋಟೆಲಿನ ಮೋರಿಗೆ ಕಳುಹಿಸಿದವರಲ್ಲ. ಸಂಜೆ ಐದರಿಂದ ರಾತ್ರಿ ಹನ್ನೊಂದರವರೆಗೆ ಮಾಲಿನ ಅಂಗಡಿಯಲ್ಲಿ ನಿಂತು ಬೆಳಿಗ್ಗೆ ಏಳರ ತರಗತಿಯಲ್ಲಿ ತೂಕಡಿಸುವ ಹುಡುಗಿಗೆ ಸ್ವಾವಲಂಬನೆಯ ಉಪದೇಶ ಮಾಡುವುದು ಸುಲಭ. ಆಕೆಯ ಕಾಲೇಜಿನಲ್ಲಿ ಅಂಥ ಯೋಜನೆಯಿದೆಯೇ ಎಂದು ವಿಚಾರಿಸುವುದು ಕಷ್ಟ.

ಈ ಬರಹದ ಉದ್ದೇಶ ಸರ್ಕಾರವನ್ನು ಬೈಯುವುದಷ್ಟೇ ಆಗಿದ್ದರೆ ಇಲ್ಲಿಗೆ ನಿಲ್ಲಿಸಬಹುದಿತ್ತು. ಬೈಗುಳ ಅಗ್ಗ, ನಮ್ಮ ಸಂಘಗಳ ವಾರ್ಷಿಕ ಸಭೆಗಳಲ್ಲಿ ಅದು ಧಾರಾಳವಾಗಿ ಸಿಗುತ್ತದೆ. ಆ ಚೀಲದ ಕಾಗದಗಳನ್ನು ಮೂರನೆಯ ಸಲ ನೋಡಿದಾಗ ನನ್ನನ್ನು ಕುಟುಕಿದ ವಿಷಯ ಬೇರೆ.

ಕಟ್ಟಡ ಕಾರ್ಮಿಕರಿಗಾಗಿ 1996ರಲ್ಲಿ ಸಂಸತ್ತು ಒಂದು ಕಾನೂನು ಮಾಡಿದೆ. ಕಟ್ಟಡದ ವೆಚ್ಚದ ಮೇಲೆ ನೂರಕ್ಕೆ ಒಂದರಂತೆ ಸೆಸ್ ಎತ್ತಿ ಪ್ರತಿ ರಾಜ್ಯದಲ್ಲೂ ಕಲ್ಯಾಣ ಮಂಡಳಿ ನಡೆಸಬೇಕು. ಅದರ ಕರ್ತವ್ಯಗಳಲ್ಲಿ ಕಾರ್ಮಿಕರ ಮಕ್ಕಳ ಶಿಕ್ಷಣಕ್ಕೆ ಧನಸಹಾಯವೂ ಸೇರಿದೆ. ಆ ಕಾನೂನಿನಡಿ ನೋಂದಣಿಗೆ ಬೇಕಾದದ್ದು ಹದಿನೆಂಟರಿಂದ ಅರವತ್ತರೊಳಗಿನ ವಯಸ್ಸು ಮತ್ತು ಹಿಂದಿನ ಹನ್ನೆರಡು ತಿಂಗಳಲ್ಲಿ ತೊಂಬತ್ತು ದಿನ ಕಟ್ಟಡ ಕೆಲಸ ಮಾಡಿದ್ದಕ್ಕೆ ಪುರಾವೆ. ಯಾವ ಊರಿನವನು, ಯಾವ ಜಾತಿಯವನು, 1950ರಲ್ಲಿ ನಿನ್ನಜ್ಜ ಎಲ್ಲಿದ್ದ ಎಂಬ ಪ್ರಶ್ನೆಯನ್ನು ಆ ಕಾನೂನು ಕೇಳುವುದಿಲ್ಲ. ಬೆವರು ಎಲ್ಲಿ ಬಿತ್ತೋ ಅಲ್ಲಿಯೇ ಹಕ್ಕು. ಎರಡು ರಾಜ್ಯಗಳ ನಡುವೆ ಚೆಂಡಾಗಿದ್ದ ಈ ಕುಟುಂಬಕ್ಕೆ ಮುಂಬಯಿಯಲ್ಲೇ ಒಂದು ಬಾಗಿಲು ತೆರೆದಿತ್ತು. ಆದರೆ ಆ ಮನುಷ್ಯ ಇಪ್ಪತ್ತು ವರ್ಷಗಳಲ್ಲಿ ಒಮ್ಮೆಯೂ ನೋಂದಾಯಿಸಿಕೊಂಡಿರಲಿಲ್ಲ. ಏಕೆಂದರೆ ತೊಂಬತ್ತು ದಿನದ ಆ ಚೀಟಿಗೆ ಸಾಮಾನ್ಯವಾಗಿ ಗುತ್ತಿಗೆದಾರನ ಸಹಿ ಬೇಕು. ಗುತ್ತಿಗೆದಾರ ಸಹಿ ಹಾಕುವುದಿಲ್ಲ. ಹಾಕಿದರೆ ಅವನು ತನ್ನ ಕೂಲಿಯವನೆಂದು ಒಪ್ಪಿದಂತಾಗುತ್ತದಲ್ಲ!

ನಮ್ಮ ಪೋಷಕ ಸದಸ್ಯರ ಪಟ್ಟಿಯಲ್ಲಿ ಕಟ್ಟಡ ಗುತ್ತಿಗೆದಾರರಿದ್ದಾರೆ. ಪ್ರತಿಭಾ ಪುರಸ್ಕಾರದ ಶಾಲುಗಳು ಅವರ ದೇಣಿಗೆಯಿಂದಲೇ ಬರುತ್ತವೆ. ಅವರ ಔದಾರ್ಯವನ್ನು ನಾನು ಶಂಕಿಸುವುದಿಲ್ಲ. ಐವತ್ತು ಸಾವಿರ ಕೇಳಿದರೆ ಮರುಮಾತಿಲ್ಲದೆ ಕೊಡುತ್ತಾರೆ. ಆದರೆ ಇದುವರೆಗೆ ಅವರಲ್ಲಿ ನಾವು ಹಣ ಕೇಳಿದ್ದೇವೆಯೇ ಹೊರತು ಸಹಿ ಕೇಳಿಲ್ಲ. ಹಣಕ್ಕೆ ಖರ್ಚು ಅವರದು, ಹೆಸರೂ ಅವರದು. ಸಹಿಗೆ ಖರ್ಚಿಲ್ಲ, ಹೊಣೆಯಿದೆ.

ಕೂಲಿಕಾರ ಕನ್ನಡಿಗರು ನಮ್ಮ ಸದಸ್ಯರಲ್ಲ ಎಂಬ ಸಮಾಧಾನ ಸಮಿತಿಯಲ್ಲಿ ಕೇಳಿಬಂತು. ನಿಜ, ಅಲ್ಲ. ಆಜೀವ ಸದಸ್ಯತ್ವದ ಶುಲ್ಕ ಅವರ ಹತ್ತು ದಿನದ ಕೂಲಿ. ಜನಗಣತಿಯ ಸಮಯದಲ್ಲಿ ಮಾತ್ರ ಅವರನ್ನೂ ಸೇರಿಸಿ ನಾವು ಇಷ್ಟು ಲಕ್ಷ ಕನ್ನಡಿಗರೆಂದು ಹೇಳಿಕೊಳ್ಳುತ್ತೇವೆ. ಬೆಂಗಳೂರಿನಿಂದ ಮಂತ್ರಿಗಳು ಬಂದಾಗ ಸಲ್ಲಿಸುವ ಮನವಿಯಲ್ಲಿ ಕನ್ನಡ ಭವನಕ್ಕೆ ನಿವೇಶನ, ರಂಗೋತ್ಸವಕ್ಕೆ ಅನುದಾನ ಎಂದೆಲ್ಲ ಕೇಳುತ್ತೇವೆ. ಹೊರನಾಡಿನಲ್ಲಿ ದುಡಿಯುವವರಿಗೆ ಅಲ್ಲಿಯ ಆದಾಯ ಪ್ರಮಾಣಪತ್ರವನ್ನೇ ಒಪ್ಪಿಕೊಳ್ಳಿ, ಅರ್ಜಿಯಲ್ಲಿ ಅದಕ್ಕೊಂದು ಮನೆ ಮಾಡಿ ಎಂಬ ಒಂದು ಸಾಲು ನಾವು ಬರೆದ ಯಾವ ಮನವಿಯಲ್ಲೂ ಇಲ್ಲ. ಕಡತಗಳನ್ನು ತೆಗೆದು ನೋಡಿಯೇ ಹೇಳುತ್ತಿದ್ದೇನೆ. ಈ ಬದಲಾವಣೆಗೆ ನಿವೇಶನ ಬೇಡ, ಕೋಟಿ ಬೇಡ.

ನನ್ನ ಸಲಹೆಯಲ್ಲಿ ಭವ್ಯತೆಯೇನೂ ಇಲ್ಲ. ಮೇ ತಿಂಗಳ ಕೊನೆಯಿಂದ ಆಗಸ್ಟ್‌ವರೆಗೆ ಭಾನುವಾರ ಬೆಳಿಗ್ಗೆ ಸಂಘದ ಕಚೇರಿಯಲ್ಲಿ ಒಂದು ಮೇಜು, ಎರಡು ಕುರ್ಚಿ, ಒಂದು ಗಣಕಯಂತ್ರ. ಮರಾಠಿ ಓದಬಲ್ಲ ಒಬ್ಬರು, ನಾಡಕಚೇರಿಯ ಭಾಷೆ ಬಲ್ಲ ಇನ್ನೊಬ್ಬರು. ನಮ್ಮಲ್ಲಿ ನಿವೃತ್ತ ಬ್ಯಾಂಕಿನವರಿಗೆ ಬರವಿಲ್ಲ. ಮಾಡಿದ್ದನ್ನು ತೀರಿಸಲು ಅವರಿಗೂ ಒಂದು ಅವಕಾಶವಾದೀತು. ಹತ್ತನೆಯ ತರಗತಿ ಮುಗಿಯುವ ಮುನ್ನವೇ ಆಧಾರ, ಅಂಕಪಟ್ಟಿ, ಪಾಸುಪುಸ್ತಕಗಳ ಹೆಸರುಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡುವುದು ಮೊದಲ ಕೆಲಸ. ಕಾಲೇಜು ಸೇರುವ ವಾರದಲ್ಲಿ ನೋಡಿದರೆ ತಡವಾಗಿರುತ್ತದೆ. ಊರಿಗೆ ಜಾತ್ರೆಗೆ ಹೋಗುವವರು ಅದೇ ಪಯಣದಲ್ಲಿ ನಾಡಕಚೇರಿಗೂ ಹೋಗಿಬರುವಂತೆ ಬೇಕಾದ ಕಾಗದಗಳ ಪಟ್ಟಿಯನ್ನು ಮುಂಚೆಯೇ ಕೈಗಿಡಬೇಕು. ಮಹಾರಾಷ್ಟ್ರದಲ್ಲಿ ನೆಲೆಸಿದ ಕುಟುಂಬಗಳ ಹೆಣ್ಣುಮಕ್ಕಳಿಗೆ, ಎಂಟು ಲಕ್ಷದೊಳಗಿನ ವರಮಾನದ ಹಿಂದುಳಿದ ವರ್ಗಗಳವರಿಗೂ ಆರ್ಥಿಕ ದುರ್ಬಲರ ಮೀಸಲಾತಿಯವರಿಗೂ, ವೃತ್ತಿಪರ ಕೋರ್ಸುಗಳ ಶುಲ್ಕವನ್ನು ಅಲ್ಲಿನ ಸರ್ಕಾರ 2024ರ ಜುಲೈಯಲ್ಲಿ ಪೂರ್ತಿ ಮನ್ನಾ ಮಾಡಿದೆ. ನಮ್ಮ ಮಧ್ಯಮ ವರ್ಗದ ಎಷ್ಟೋ ಮನೆಗಳೂ ಇದರೊಳಗೆ ಬರುತ್ತವೆ. ಆದೇಶ ಬಂದ ಮೇಲೂ ಎರಡು ಕಂತು ಶುಲ್ಕ ಕಟ್ಟಿದ ಒಬ್ಬ ಸದಸ್ಯರು ನಮ್ಮ ಕಾರ್ಯಕಾರಿ ಸಮಿತಿಯಲ್ಲೇ ಇದ್ದಾರೆ. ಅಜ್ಞಾನ ಬಡವರ ಖಾಸಗಿ ಆಸ್ತಿಯಲ್ಲ.

ಆ ಹುಡುಗಿಯ ವಿಷಯಕ್ಕೆ ಬಂದರೆ, ಮೊದಲ ವರ್ಷದ ಹಣ ಹೋದದ್ದು ಹೋಯಿತು. ತಂದೆಯ ತೊಂಬತ್ತು ದಿನದ ಚೀಟಿಗೆ ಸಹಿ ಹಾಕಿಸಲು ನಾನೇ ಮೂರು ಸಲ ಹೋದೆ. ಮೂರನೆಯ ಸಲ ಗುತ್ತಿಗೆದಾರರು ಚಹಾ ತರಿಸಿ, 'ನಿಮ್ಮಂಥವರು ಇದಕ್ಕೆಲ್ಲ ಯಾಕೆ ಓಡಾಡುತ್ತೀರಿ ಮಾರಾಯ್ರೇ, ಫೀಸು ನಾನೇ ಕೊಟ್ಟುಬಿಡುತ್ತೇನೆ' ಎಂದರು. ಫೀಸು ಬೇಡ, ಸಹಿ ಕೊಡಿ ಎಂದೆ. ಬಹಳ ಹೊತ್ತು ಕಾಗದವನ್ನೇ ನೋಡುತ್ತ ಕುಳಿತು, ಕೊನೆಗೆ ಹಾಕಿದರು. ನೋಂದಣಿಯ ಅರ್ಜಿ ಈಗ ಮಂಡಳಿಯ ಕಚೇರಿಯಲ್ಲಿದೆ. ಎರಡನೆಯ ವರ್ಷದ ಶುಲ್ಕದ ಗಡುವು ಇನ್ನೂ ಐದು ವಾರ ದೂರವಿದೆ. ಮುಂದಿನ ಕಾರ್ಯಕಾರಿ ಸಮಿತಿಯ ವಿಷಯಸೂಚಿಯಲ್ಲಿ ಪ್ರತಿಭಾ ಪುರಸ್ಕಾರದ ಶಾಲುಗಳ ಖರೀದಿ ನಾಲ್ಕನೆಯ ಕಲಮು. ಮೇಜಿನ ವಿಷಯವನ್ನು ಮೂರನೆಯದಾಗಿ ಸೇರಿಸಬೇಕೆಂದು ಕಾರ್ಯದರ್ಶಿಗಳಿಗೆ ಬರೆದು ಕೊಟ್ಟಿದ್ದೇನೆ.